ಹೆಸರು ಬದಲಾಯಿಸಲಾಗಿದೆ

ಜಗಳೂರಿನ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಸಾಲಿನಲ್ಲಿ ಹನ್ನೊಂದು ಮಳಿಗೆಗಳಿವೆ. ಹನ್ನೊಂದರ ಬೀಗದ ಕೈಗಳೂ ಓಬಳಪ್ಪನ ಉಡಿದಾರದಲ್ಲಿ ತೂಗುತ್ತಿದ್ದವು. ಅವನನ್ನು ಯಾರೂ ಕಾವಲಿಗೆ ನೇಮಿಸಿರಲಿಲ್ಲ. ಆರು ವರ್ಷದ ಹಿಂದೆ ಒಂದು ಕಂಬಳಿ, ಒಂದು ತಗಡಿನ ಟ್ರಂಕು ಹೊತ್ತು ಬಂದವನು ಮಳಿಗೆಗಳ ಮುಂದಿನ ಜಗಲಿಯ ಮೇಲೆ ಮಲಗಿದ. ಬೆಳಿಗ್ಗೆ ಎದ್ದು ಸಾಲಿಗೆ ಸಾಲೇ ಗುಡಿಸಿ ನೀರು ಚಿಮುಕಿಸಿದ. ಹದಿನೈದು ದಿನ ಇದನ್ನು ನೋಡಿದ ಮಂಡಕ್ಕಿ ಮೆಣಸಿನಕಾಯಿ ಹೋಟೆಲಿನ ಕೊಟ್ರಮ್ಮ ತನ್ನ ಬೀಗದ ಕೈಯನ್ನು ಅವನ ಮುಂದೆ ಎಸೆದಳು.

"ಹೆಂಗೂ ಇಲ್ಲೇ ಬಿದ್ದಿರ್ತೀಯ. ಬೆಳಗ್ಗೆ ಆ ಷಟರ್ ಆದ್ರೂ ಎತ್ತು. ನನ್ನ ಸೊಂಟ ಬಿದ್ದೋಗೈತೆ."

ಅವಳು ಕೊಟ್ಟಿದ್ದು ನೋಡಿ ಉಳಿದವರೂ ಕೊಟ್ಟರು. ಆರು ಗಂಟೆಗೆ ಹನ್ನೊಂದು ಷಟರುಗಳು ಮೇಲೇಳುತ್ತಿದ್ದವು. ಅಂಗಡಿಯವರು ನಿಧಾನಕ್ಕೆ ಬರುತ್ತಿದ್ದರು. ಕೊಟ್ರಮ್ಮ ಅವನಿಗೆ ದಿನಾ ಊಟ ಹಾಕುತ್ತಿದ್ದಳು. ಬೀಗದ ಕೈ ಸೊಂಟದಲ್ಲಿ ಇರುವವರೆಗೆ ಜಗಲಿ ಅವನದು, ಯಾರೂ ಏಳು ಅನ್ನುವಂತಿಲ್ಲ. ಬಾಯಿ ಬಿಟ್ಟು ಆಡದೆ ಆಗಿದ್ದ ಒಪ್ಪಂದ ಅದು. ಓಬಳಪ್ಪನಿಗೆ ಲೋಕದಲ್ಲಿ ಉಳಿದಿದ್ದ ಜಾಗ ಜಗಲಿಯ ಆ ಏಳಡಿ ಒಂದೇ.

ಊರು ಅವನನ್ನು ಮಿಲ್ಟ್ರಿ ಎಂದೇ ಕರೆಯುತ್ತಿತ್ತು. ಪಕ್ಕದ ಸೊಕ್ಕೆ ಊರಿನಿಂದ ಹತ್ತೊಂಬತ್ತನೇ ವಯಸ್ಸಿಗೆ ಫೌಜಿಗೆ ಹೋದವನು, ಹದಿನಾಲ್ಕು ವರ್ಷ ಉತ್ತರದ ಗುಡ್ಡಗಳಲ್ಲಿ ಹೇಸರಗತ್ತೆ ಹೊಡೆದ. ಮೇಲಿನ ಠಾಣ್ಯಗಳಿಗೆ ಸೀಮೆಎಣ್ಣೆ, ಹಿಟ್ಟು, ಉಪ್ಪು ಹೊರಿಸಿಕೊಂಡು ಹೋಗುವುದು, ಖಾಲಿ ಡಬ್ಬ ಹೊರಿಸಿಕೊಂಡು ಇಳಿಯುವುದು, ಇಷ್ಟೇ ಕೆಲಸ. ಶತ್ರುವನ್ನು ಅವನು ಕಂಡಿದ್ದಿಲ್ಲ. ಫೌಜಿನಲ್ಲಿ ತಪ್ಪು ಮಾಡಿದವನ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ನಾಲ್ಕು ಸಲ ಕೆಂಪು ಬಿದ್ದರೆ ಮನೆಗೆ ಕಳಿಸಬಹುದು. ಅವನಿಗೆ ಎರಡು ಸಲ ಕುಡಿದಿದ್ದಕ್ಕೆ ಬಿತ್ತು, ಒಂದು ಸಲ ಸುಬೇದಾರನಿಗೆ ತಿರುಗಿ ಮಾತಾಡಿದ್ದಕ್ಕೆ, ಕೊನೆಯದು ಅವ್ವ ಸತ್ತಾಗ ರಜೆ ಮುಗಿದರೂ ಇಪ್ಪತ್ತೆರಡು ದಿನ ಊರಲ್ಲೇ ಉಳಿದಿದ್ದಕ್ಕೆ. ಪಿಂಚಣಿಗೆ ಹದಿನೈದು ವರ್ಷ ತುಂಬಬೇಕು. ಏಳು ತಿಂಗಳು ಕಮ್ಮಿ ಬಿತ್ತು. ಪಾಲಿಗೆ ಬಂದಿದ್ದ ಕೊಟ್ಟಿಗೆಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಹೆಂಡತಿ ಹೊನ್ನಾಳಿಯ ತವರಿಗೆ ಹೋದವಳು ಅಲ್ಲೇ ತೀರಿಕೊಂಡಳು. ಆಗಸ್ಟ್ ಹದಿನೈದಕ್ಕೆ ಮಾಜಿ ಸೈನಿಕರನ್ನು ಸಾಲಾಗಿ ಕೂರಿಸಿ ಶಾಲು ಹೊದಿಸುವ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅವನೂ ಕೇಳಲು ಹೋಗಲಿಲ್ಲ. ಶಾಲಿನಿಂದ ಚಳಿ ಹೋಗುವುದಿಲ್ಲ.

ನಾಲ್ಕನೇ ಮಳಿಗೆ ತಿಪ್ಪೇರುದ್ರಸ್ವಾಮಿಯದು. ಫ್ಯಾನು, ಮಿಕ್ಸಿ ರಿಪೇರಿ. ಗೋಡೆಗೆ ದೊಡ್ಡ ಟಿವಿ ನೇತುಹಾಕಿದ್ದ. ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಕ್ರೈಮ್ ಸೀರಿಯಲ್ಲಿನ ಮರುಪ್ರಸಾರ. ಆಗ ಗಿರಾಕಿ ಕಮ್ಮಿ. ಸಾಲಿನವರೆಲ್ಲ ಬಂದು ನಿಲ್ಲುತ್ತಿದ್ದರು. ಕೊಟ್ರಮ್ಮ ಕಡಲೆಹಿಟ್ಟಿನ ಕೈಯಲ್ಲೇ ಬಂದು ಸ್ಟೂಲಿನ ಮೇಲೆ ಕೂರುವಳು. ಓಬಳಪ್ಪ ಹೊರಗೆ, ಮೆಟ್ಟಿಲ ಮೇಲೆ.

ಆ ಗುರುವಾರದ ಕಥೆ ಶಾಂತಿಪುರ ಎಂಬ ಊರಿನದು. ಸೈನ್ಯದಿಂದ ಬಂದ ಶಂಕರ ಎಂಬುವನು ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆ. ಜಡೆಗಟ್ಟಿದ ಕೂದಲು, ಹರಿದ ಯೂನಿಫಾರ್ಮು, ಎದೆಗೆ ಮೆಡಲು. ಎಲ್ಲೋ ಕುಕ್ಕರ್ ಕೂಗಿದರೆ ಅವನ ಕಿವಿಯಲ್ಲಿ ಬಾಂಬು. ಹೂವಿನಂಗಡಿಯ ಹೆಂಗಸು ಅವನಿಗೆ ದಿನಾ ಊಟ ಹಾಕುತ್ತಾಳೆ. ಒಂದು ದಿನ ಪಟಾಕಿ ಸಿಡಿಯಿತೆಂದು ಅವಳನ್ನೇ ಶತ್ರು ಎಂದುಕೊಂಡು ಕತ್ತು ಹಿಸುಕುತ್ತಾನೆ. ಇನ್‌ಸ್ಪೆಕ್ಟರು ಗುಂಡು ಹಾರಿಸುತ್ತಾನೆ. ಹೆಣದ ಜೇಬಿನಿಂದ ಮಗಳ ಫೋಟೋ ಬೀಳುತ್ತದೆ. ಇನ್‌ಸ್ಪೆಕ್ಟರು ಟೋಪಿ ಸರಿಮಾಡಿಕೊಂಡು ಹೆಣಕ್ಕೆ ಸಲ್ಯೂಟ್ ಹೊಡೆಯುತ್ತಾನೆ.

ಇಂಥ ಕಥೆಗಳಲ್ಲಿ ಬೀದಿಗೆ ಬಿದ್ದ ಸೈನಿಕನಿಗೆ ಎರಡೇ ಕೆಲಸ. ಕೊಲ್ಲಬೇಕು, ಇಲ್ಲ ಸಾಯಬೇಕು. ಎರಡನ್ನೂ ಮಾಡಿದರೆ ಸಲ್ಯೂಟ್ ಸಿಗುತ್ತದೆ. ಬೆಳಿಗ್ಗೆ ಎದ್ದು ಗಡ್ಡ ಕೆರೆದು, ಕಂಬಳಿ ಮಡಚಿ, ಷಟರ್ ಎತ್ತುವವನನ್ನು ತೋರಿಸಿದರೆ ಜಾಹೀರಾತು ಹಾಕುವವರು ಯಾರು?

ಕೊಟ್ರಮ್ಮ ಗಳಗಳ ಅತ್ತಳು. "ಅಯ್ಯೋ ನನ್ನಪ್ಪ, ದೇಶ ಕಾಯ್ದವನಿಗೆ ಒಂದು ಸೂರಿಲ್ದಂಗಾತಲ್ಲೋ!"

"ಮೆಡಲು ಬಲಗಡೆ ಹಾಕ್ಯಾರೆ. ಎಡಗಡೆ ಹಾಕಬೇಕು," ಎಂದ ಓಬಳಪ್ಪ.

ಆಗ ಎಲ್ಲರೂ ತಿರುಗಿ ಅವನನ್ನು ನೋಡಿದರು. ಅವನು ಅಲ್ಲಿದ್ದಾನೆಂಬುದು ಅದುವರೆಗೆ ನೆನಪಿರಲಿಲ್ಲವೇನೋ.

ಪರದೆಯ ಮೇಲೆ ಬರಹ ಬಂತು. ತಿಪ್ಪೇರುದ್ರಸ್ವಾಮಿ ಗಟ್ಟಿಯಾಗಿ ಓದಿದ: "ಈ ಕಥೆ ನೈಜ ಘಟನೆ ಆಧಾರಿತ. ವ್ಯಕ್ತಿ ಮತ್ತು ಊರಿನ ಹೆಸರು ಬದಲಾಯಿಸಲಾಗಿದೆ." ಓದಿ ಸುಮ್ಮನಾಗದೆ ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡ. "ಹೆಸ್ರು ಬದ್ಲಾಯಿಸೀವಿ ಅಂತ ಅವ್ರೇ ಹಾಕ್ಯಾರೆ. ಅಂದ್ರೆ ಅವನ ಹೆಸ್ರು ಶಂಕರ ಅಲ್ಲ. ಊರು ಶಾಂತಿಪುರ ಅಲ್ಲ."

"ಮತ್ಯಾವುದು?" ಎಂದಳು ಕೊಟ್ರಮ್ಮ.

"ನೀನೇ ಹೇಳು. ಬಸ್ ಸ್ಟ್ಯಾಂಡ್ ಐತೆ, ಮಿಲ್ಟ್ರಿಯವ್ನು ಐದಾನೆ, ಅಂಗಡಿ ಹೆಂಗಸು ಊಟ ಹಾಕ್ತಾಳೆ. ಹೆಸ್ರು ಮಾತ್ರ ಬೇರೆ."

"ನಮ್ಮ ಸಾಲಿನಾಗೆ ಯಾರು ಸತ್ತಾರೆ ಸ್ವಾಮಿ?" ಎಂದ ಓಬಳಪ್ಪ. "ಕೊಟ್ರಮ್ಮ ಕೂತಾಳಲ್ಲ, ಜೀವಂತ."

"ಅದನ್ನೂ ಬದ್ಲಾಯಿಸಿರ್ತಾರೆ," ಎಂದ ಸ್ವಾಮಿ.

ಎಲ್ಲರೂ ನಕ್ಕರು. ಓಬಳಪ್ಪನೂ ನಕ್ಕ. ಸಂಜೆ ಟೈಲರ್ ತಿಪ್ಪಮ್ಮ ಬಂದು, ತನ್ನ ತಮ್ಮ ಬೆಳಿಗ್ಗೆ ಬೇಗ ಬರುತ್ತಾನೆ, ಬೀಗದ ಕೈ ಅವನ ಹತ್ತಿರ ಇರಲಿ ಎಂದಳು. ಅವನು ಬಿಚ್ಚಿಕೊಟ್ಟ. ಶುಕ್ರವಾರ ಚಪ್ಪಲಿ ಅಂಗಡಿಯವನು, ಬೀಗ ತುಕ್ಕು ಹಿಡಿದಿದೆ, ಎಣ್ಣೆ ಬಿಡಬೇಕು ಎಂದು ಬೀಗದ ಕೈ ಇಸಿದುಕೊಂಡ. ಭಾನುವಾರದ ಹೊತ್ತಿಗೆ ಒಂಬತ್ತು ಹೋಗಿದ್ದವು. ಒಬ್ಬೊಬ್ಬರದು ಒಂದೊಂದು ನೆಪ. ಓಬಳಪ್ಪ ಯಾವ ನೆಪಕ್ಕೂ ಎದುರಾಡಲಿಲ್ಲ. ಹೇಸರಗತ್ತೆಯ ಬೆನ್ನಿನಿಂದ ಮೂಟೆ ಇಳಿಸುವಾಗ ಅದು ಹೇಗೆ ನಿಲ್ಲುತ್ತದೋ ಹಾಗೆ ನಿಂತು ಕೊಡುತ್ತಿದ್ದ. ಹತ್ತನೆಯದನ್ನು ಸೋಮವಾರ ಸ್ವಾಮಿ ಕೇಳದೇ ಬಂದು ತಾನೇ ಗಂಟು ಬಿಚ್ಚಿಕೊಂಡ.

ಉಳಿದದ್ದು ಕೊಟ್ರಮ್ಮನದು ಒಂದೇ. ಅವಳು ಕೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಆರಕ್ಕೆ ಅವನು ಬೀಗದ ಕೈ ಹಾಕಿದರೆ ಅದು ಒಳಗೆ ಹೋಗಲಿಲ್ಲ. ಹೊಸ ಬೀಗ, ಹಳದಿ. ಜಗಲಿಯ ಮೇಲೆ ಕೂತ. ಏಳೂವರೆಗೆ ಕೊಟ್ರಮ್ಮ ಸೊಂಟ ಹಿಡಿದುಕೊಂಡು ಬಂದಳು, ತಾನೇ ತೆಗೆದಳು, ಷಟರ್ ಅರ್ಧಕ್ಕೆ ನಿಂತಾಗ ಅವನತ್ತ ನೋಡಿದಳು. ಅವನು ಎದ್ದು ಉಳಿದರ್ಧ ಎತ್ತಿದ.

"ನಿಂಗೆ ಹಂಗೆಲ್ಲ ಆಗಲ್ಲ, ಗೊತ್ತು ಕಣೋ," ಎಂದಳು ಒಲೆಯ ಕಡೆ ಮುಖ ಮಾಡಿ. "ಆದ್ರೆ ಅವಳಿಗೂ ಹಂಗೇ ಗೊತ್ತಿತ್ತಲ್ಲ. ಆ ಹೂವಿನವಳಿಗೆ."

"ಅವಳು ಆಕ್ಟಿಂಗ್ ಮಾಡಾಕೆ ಬಂದವಳು ಕೊಟ್ರಕ್ಕ. ಸಂಜಿಕೆ ಎದ್ದು ಮನೆಗೆ ಹೋಗ್ಯಾಳೆ."

"ಇರಬಹುದು," ಎಂದಳು. "ಕುಕ್ಕರ್ ಇಡೋದು ಬಿಟ್ಟೀನಿ ನಾನು, ನಿನ್ನ ಸಲುವಾಗಿ. ಬೇಳೆ ಪಾತ್ರೆನಾಗೆ ಬೇಯಿಸ್ತೀನಿ. ಎರಡು ತಾಸು ಹಿಡೀತೈತೆ."

ಉಪಕಾರ ಮಾಡಿದವಳ ದನಿಯಿತ್ತು ಆ ಮಾತಿನಲ್ಲಿ.

ಮಳಿಗೆಗಳ ಮಾಲೀಕ ಗುರುಬಸವರಾಜ್ ಚನ್ನಗಿರಿಯವನು, ಅಡಿಕೆ ವ್ಯಾಪಾರಿ. ಅಂಗಡಿಯವರ ದೂರು ಕೇಳಿ ಬುಧವಾರ ಕಾರಿನಲ್ಲಿ ಬಂದ. ಕೆಟ್ಟ ಮನುಷ್ಯನಲ್ಲ. ಓಬಳಪ್ಪನನ್ನು ಪಕ್ಕಕ್ಕೆ ಕರೆದು, ಫೌಜಿನ ಕಾಗದ ಇದ್ದರೆ ತೋರಿಸು, ಒಳ್ಳೆಯ ನಡತೆ ಎಂದಿದ್ದರೆ ಜೆರಾಕ್ಸ್ ಮಾಡಿಸಿ ಗೋಡೆಗೇ ಅಂಟಿಸುತ್ತೇನೆ, ಇವರ ಬಾಯಿ ಮುಚ್ಚುತ್ತದೆ ಎಂದ. ಓಬಳಪ್ಪ ಫೌಜು ಬಿಡುವಾಗ ಕೊಟ್ಟಿದ್ದ ಪುಸ್ತಕವನ್ನು ಟ್ರಂಕಿನಿಂದ ತೆಗೆದುಕೊಟ್ಟ. ಗುರುಬಸವರಾಜ್ ಹಾಳೆ ತಿರುವಿದ.

"ಈ ಕೆಂಪು ಅಕ್ಷರ ಏನ್ರೀ?"

"ತಪ್ಪು ಮಾಡಿದ್ದು."

"ನಾಲ್ಕೈತಲ್ಲ."

"ಹೌದ್ರಿ. ನಾಲ್ಕಕ್ಕೇ ಕಳಿಸೋದು."

ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಅದು ಹಿಂದಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಗುರುಬಸವರಾಜ್ ಅಷ್ಟು ಓದುವವನಲ್ಲ. ಸುಳ್ಳು ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ. ಗುರುಬಸವರಾಜ್ ಪುಸ್ತಕ ಮುಚ್ಚಿ ವಾಪಸ್ ಕೊಟ್ಟ. "ಒಂದೆಂಟು ದಿನ ಬೇರೆ ಕಡೆ ಇರ್ರಿ. ಜನ ಮರೀತಾರೆ. ಮುಂದಿನ ವಾರ ಬೇರೆ ಕೇಸ್ ಬರ್ತೈತೆ ಟಿವಿಯಾಗೆ."

ಓಬಳಪ್ಪ ನ್ಯಾಮತಿ ಬಸ್ಸು ಹತ್ತಿ ಸೂರಗೊಂಡನಕೊಪ್ಪಕ್ಕೆ ಹೋದ. ಅಲ್ಲಿನ ದೇವಸ್ಥಾನದ ಯಾತ್ರಿಕರ ಛತ್ರದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಒಂಬತ್ತು ದಿನ ಪ್ರಸಾದದ ಊಟ ಮಾಡಿದ, ಅಂಗಳ ಗುಡಿಸಿದ. ಹತ್ತನೆಯ ದಿನ, ಶನಿವಾರ, ಟ್ರಂಕು ಹೊತ್ತು ಜಗಳೂರಿಗೆ ಇಳಿದ.

ಗುರುಬಸವರಾಜ್ ಹೇಳಿದ್ದು ಸುಳ್ಳಾಗಿರಲಿಲ್ಲ. ಸಾಲಿನವರು ಮರೆತಿದ್ದರು. ತಿಪ್ಪಮ್ಮ ಮಷೀನು ನಿಲ್ಲಿಸಿ, "ಎಲ್ಲಿಗೆ ಹೋಗಿದ್ಯೋ ಮಿಲ್ಟ್ರಿ, ಹೇಳ್ದೆ ಕೇಳ್ದೆ? ಕಸ ನೋಡು ಹೆಂಗೆ ಬಿದ್ದೈತೆ!" ಎಂದು ಬೈದಳು. ಕೊಟ್ರಮ್ಮ ಕೇಳದೇ ಮಂಡಕ್ಕಿ ಕಟ್ಟಿಕೊಟ್ಟಳು, ಮೇಲೆ ಎರಡು ಮೆಣಸಿನಕಾಯಿ. ಅವಳ ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು.

ಆದರೆ ಜಗಲಿಗೆ ಈ ತುದಿಯಿಂದ ಆ ತುದಿಗೆ ಕಬ್ಬಿಣದ ಗ್ರಿಲ್ ಬಂದಿತ್ತು. ಕೆಂಪು ಪ್ರೈಮರಿನ ಮೇಲೆ ಬಣ್ಣ ಇನ್ನೂ ಬಿದ್ದಿರಲಿಲ್ಲ.

"ಇದು ಯಾವಾಗ?" ಎಂದ ಓಬಳಪ್ಪ.

"ಸೋಮವಾರ. ಗುರುಬಸವರಾಜಣ್ಣ ಹಾಕಿಸ್ಯಾನೆ. ನಾಯಿ ಕಾಟ ಕಣೋ," ಎಂದಳು ಕೊಟ್ರಮ್ಮ. ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಅದು ನಾಯಿಗೆಂದೇ ಆಗಿಬಿಟ್ಟಿತ್ತು. "ರಾತ್ರಿ ಅಂಗಡಿ ಮುಚ್ಚಿದ ಮ್ಯಾಲೆ ಗೇಟಿಗೆ ಬೀಗ ಹಾಕ್ತಾರೆ. ನೀನು ನೋಡಲಿಲ್ಲ ಅಲ್ಲ, ಮೊನ್ನೇದು? ಪಾಯಸದಾಗೆ ವಿಷ ಹಾಕಿ ಮೂರು ಜನ! ಒಂದೇ ಪಂಕ್ತಿನಾಗೆ!"

"ಹಾಕಿದ್ದು ಯಾರು?"

"ಸೊಸೆ ಅಂತ ಪೊಲೀಸ್ನೋರು. ನಂಗ್ಯಾಕೋ ಭಾವನ ಮ್ಯಾಲೆ ಅನುಮಾನ. ಮುಂದಿನ ಗುರುವಾರ ಉಳಿದರ್ಧ ಐತೆ, ಬಾ."

"ಬರ್ತೀನಿ," ಎಂದ.

ಮಂಡಕ್ಕಿ ತಿಂದು ಕಾಗದವನ್ನು ಡಬ್ಬಕ್ಕೆ ಹಾಕಿದ. ಪೊರಕೆ ಗ್ರಿಲ್ಲಿನ ಒಳಗಿತ್ತು. ಕೈ ತೂರಿಸಿ ಎಳೆದುಕೊಂಡು ಮೆಟ್ಟಿಲುಗಳನ್ನು ಗುಡಿಸಿದ. ಸೊಕ್ಕೆ ರಸ್ತೆಯ ಬದಿಗೆ ಕುಡಿಯುವ ನೀರಿನ ಕಾಮಗಾರಿಯ ಸಿಮೆಂಟ್ ಪೈಪುಗಳನ್ನು ಉರುಳಿಸಿ ವರ್ಷವಾಗಿತ್ತು. ಬಿಸಿಲು ಇಳಿಯುವ ಮೊದಲೇ ಅಲ್ಲಿಗೆ ಹೋಗಿ ಒಂದರೊಳಗೆ ಟ್ರಂಕು ಇಟ್ಟ. ಬಾಗಿ ಒಳಗೆ ಹೋಗಿ ಕಾಲು ಚಾಚಿ ನೋಡಿದ. ಪೈಪು ಒಂದೂವರೆ ಅಡಿ ಗಿಡ್ಡ. ತಲೆ ಹೊರಗಿಡಬೇಕೋ ಕಾಲು ಹೊರಗಿಡಬೇಕೋ ಎಂದು ಸ್ವಲ್ಪ ಹೊತ್ತು ಯೋಚಿಸಿದ. ಕಾಲು ಹೊರಗಿಟ್ಟ.