ಸೋಸಿದ ರಾಗಿ

ನಮ್ಮ ಹಿತ್ತಿಲ ತಂತಿಯ ಮೇಲೆ ದಿನವೂ ಒಂದು ತುಂಡು ಬಟ್ಟೆ ಒಣಗುತ್ತಿರುತ್ತದೆ. ಅಪ್ಪನ ಹಳೆಯ ಪಂಚೆಯಿಂದ ಹರಿದದ್ದು. ಒಗೆದೂ ಒಗೆದೂ ತೆಳುವಾಗಿದೆ, ರಾಗಿಯ ಬಣ್ಣ ಮಾತ್ರ ಬಿಡಲೊಲ್ಲದು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ನಮ್ಮ ಹೊಳೆನರಸೀಪುರದ ಕಡೆ ಎಳೆಮಗುವಿಗಾಗಲಿ, ಕಾಯಿಲೆಯವರಿಗಾಗಲಿ ರಾಗಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲಿನಂತೆ ಇಳಿದದ್ದನ್ನಷ್ಟೇ ಗಂಜಿ ಕಾಸುತ್ತಾರೆ. ಉಳಿದ ಹಿಪ್ಪೆಯನ್ನು ಆಚೆ ಚೆಲ್ಲುತ್ತಾರೆ. ಪ್ರೀತಿ ಹೆಚ್ಚಿದಷ್ಟೂ ಬಟ್ಟೆಗೆ ಮಡಿಕೆ ಹೆಚ್ಚು. ಅವ್ವ ಈಗ ನಾಲ್ಕು ಮಡಿಕೆ ಹಾಕುತ್ತಾಳೆ.

ಆ ಗಂಜಿ ನನ್ನ ತಮ್ಮ ಮಂಜುವಿಗೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಲೋಡು ಮಾಡಿಸುತ್ತಿದ್ದವನು ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡ. ಮೂಳೆಗೆ ಸೋಂಕು ತಗುಲಿ ತಿಂಗಳುಗಟ್ಟಲೆ ಆಂಟಿಬಯಾಟಿಕ್ ನುಂಗಿದ. ಕಾಲು ಉಳಿಯಿತು, ಹೊಟ್ಟೆ ಕೆಟ್ಟಿತು. ತಿಂದದ್ದು ಮೈಗೆ ಹತ್ತದೆ ದಿನೇ ದಿನೇ ಸವೆಯುತ್ತಿದ್ದಾನೆ.

“ಊಟ ಅವರೊಬ್ಬರಿಗಲ್ಲ ಕಣ್ರೀ, ಕರುಳಲ್ಲಿರೋ ಬ್ಯಾಕ್ಟೀರಿಯಾಗಳಿಗೂ ಹಾಕ್ಬೇಕು. ನಾರೇ ಅವುಗಳ ಊಟ. ಗಂಜಿ ಸೋಸ್ಬೇಡಿ, ಒಂದೊಂದೇ ಚಮಚದಿಂದ ಶುರು ಮಾಡಿ” ಎಂದರು ಹಾಸನದ ಡಾಕ್ಟರಮ್ಮ.

ರಾಗಿಯ ಸಿಪ್ಪೆ, ಬಾಳೆದಿಂಡು, ಹುರುಳಿ, ನಮಗೆ ಅರಗದ ಈ ನಾರೆಲ್ಲ ದೊಡ್ಡ ಕರುಳಿಗೆ ಇಳಿದ ಮೇಲೆ, ಅಲ್ಲಿ ಬೀಡುಬಿಟ್ಟ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಹುದುಗಿಸಿ ಉಂಡು, ಕರುಳಿನ ಗೋಡೆಗೆ ಬೇಕಾದ ಆಹಾರವನ್ನು ತಾವೇ ತಯಾರಿಸಿ ಕೊಡುತ್ತವಂತೆ. ಎಂಥ ಕೂಡುಕುಟುಂಬ ನೋಡಿ! ನಾವು ಒಬ್ಬಂಟಿಯಾಗಿ ಕೂತು ಉಣ್ಣುತ್ತೇವೆಂದುಕೊಂಡದ್ದೇ ಸುಳ್ಳು. ಪ್ರತಿ ತುತ್ತಿಗೂ ಒಳಗೆ ಕಾದು ಕೂತವರಿದ್ದಾರೆ. ಸೋಂಕನ್ನು ಕೊಂದ ಔಷಧ ಅವರಲ್ಲೂ ಬಹುಪಾಲನ್ನು ಕೊಂದಿತು. ಅಳಿದುಳಿದವರನ್ನು ನಾವು, ಅಕ್ಕರೆಯಿಂದ, ಉಪವಾಸ ಕೆಡವುತ್ತಿದ್ದೇವೆ.

ಸೋಸದ ಗಂಜಿಯನ್ನು ನಾನೇ ಕಾಸಿ ಒಂದು ಚಮಚ ಕುಡಿಸಿದೆ. ಉಣ್ಣಬೇಕಾದವರೇ ಒಳಗೆ ವಿರಳವಾಗಿರುವಾಗ ಉಣಿಸುವುದೂ ಹಿಂಸೆಯೇ ಏನೋ; ಹೊಟ್ಟೆ ಉಬ್ಬರಿಸಿ, ಮಂಜು ಗೋಡೆಗೆ ಮುಖ ಮಾಡಿ ನರಳಿದ. ಮೊದಮೊದಲು ಹೀಗಾಗುತ್ತದೆ, ಪ್ರಮಾಣ ಇಳಿಸಿ, ಆದರೆ ಬಿಡಬೇಡಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಅದನ್ನು ಅವ್ವನಿಗೆ ಹೇಗೆ ಹೇಳುವುದು?

“ಸಾಕು ಮಾಡವ್ವ ನಿನ್ನ ಓದು. ಮೊದ್ಲೇ ಉಣ್ಣಾಕಾಗ್ದೆ ಒದ್ದಾಡ್ತಾವ್ನೆ, ಅವನ ಕರುಳಿಗೆ ಸಿಪ್ಪೆ ಚುಚ್ಚೀಯಾ?” ಎಂದಳು ಅವ್ವ.

ಮರುದಿನ ಅರ್ಧ ಚಮಚ ಹಿಡಿದು ಹೋದೆ. ಮಂಜು ಕೈಯಿಂದ ಸರಿಸಿದ. “ಬ್ಯಾಡ ಕಣಕ್ಕ. ಅವ್ವ ಮಾಡೋ ಗಂಜಿನೇ ಕೊಡು, ನೋವಾಗಾಕಿಲ್ಲ.”

ನೋವಾಗುವುದಿಲ್ಲ, ನಿಜ. ಆ ನುಣುಪು ಗಂಜಿಯಲ್ಲಿ ನೋವು ಮಾಡುವಂಥದ್ದೂ ಇಲ್ಲ, ಒಳಗೆ ಅಳಿದುಳಿದವರನ್ನು ಬದುಕಿಸುವಂಥದ್ದೂ ಇಲ್ಲ. ನನಗೆ ಗೊತ್ತಿದ್ದದ್ದೆಲ್ಲ ಯಾರಿಗೂ ಬೇಡವಾಗಿ ನನ್ನಲ್ಲೇ ಉಳಿಯಿತು. ಅವ್ವ ಪಕ್ಕದಲ್ಲಿ ಕೂತು, ಆರಿಸಿ ಆರಿಸಿ ಬಟ್ಟಲು ಬರಿದಾಗುವವರೆಗೂ ಕುಡಿಸಿ, ಸೆರಗಿನಿಂದ ಅವನ ಬಾಯಿ ಒರೆಸಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು.

“ನೋಡ್ದಾ? ಒಂಚೂರೂ ಬಿಡ್ನಿಲ್ಲ ನನ್ ಮಗ” ಎಂದಳು.

ಅವಳ ಮಗ ಹೀಗೇ ಉಂಡುಂಡೇ ಹಸಿದು ಹೋಗುತ್ತಾನೆಂದು ನನ್ನ ಜೀವ ಕೂಗುತ್ತಿತ್ತು. “ಹೂಂ ಕಣವ್ವ, ಪೂರ್ತಿ ಕುಡಿದ” ಎಂದೆ.