ಭೋಜರಾಜ ಕೂರಿಸಿದ ಸ್ಪೀಕರುಗಳು

ಕಿವಿ ಅಂದರೆ ಭೋಜರಾಜನ ಕಿವಿ ಎಂದು ಚೆನ್ನೈ ಕನ್ನಡದವರು ಹೇಳುತ್ತಿದ್ದ ಕಾಲ ಅದು. ವಿಮಾ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ದೂಳು ಕುಡಿದ ಮನುಷ್ಯ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ. ಆದರೆ ಭಾನುವಾರ ಬಂತೆಂದರೆ ಮಾಧವರಂನ ಅವನ ಮನೆಗೆ ಫೋನ್ ಮೇಲೆ ಫೋನ್. ಎರಡು ಸಾವಿರದ ನಾಲ್ಕನೇ ಇಸವಿ. ಬ್ಯಾಂಕಿನವರು, ರೈಲ್ವೆಯವರು ಎಲ್ಲರೂ ಮನೆಗೆ ಕಂಪ್ಯೂಟರ್ ತಂದು, ಅದಕ್ಕೆ ಐದು ಸ್ಪೀಕರು, ಒಂದು ದಪ್ಪ ವೂಫರು ಕಟ್ಟಿಕೊಳ್ಳುವ ಹುಚ್ಚಿಗೆ ಬಿದ್ದಿದ್ದರು. ಕೂರಿಸಲು ಭೋಜರಾಜನೇ ಆಗಬೇಕು. ಕಾಸು ಮುಟ್ಟುವವನಲ್ಲ. ಒಂದು ಊಟ, “ಆಹಾ, ಥಿಯೇಟರ್ ಥರಾನೇ ಇದೆಯಲ್ರೀ” ಎಂಬ ಒಂದು ಮಾತು, ಅಷ್ಟು ಸಿಕ್ಕರೆ ಮುಂದಿನ ಆರು ದಿನ ರೆಕಾರ್ಡ್ ರೂಮಿನಲ್ಲಿ ತಲೆಯೆತ್ತಿ ನಡೆಯುತ್ತಿದ್ದ.

ಅಂಥವನ ಎಡಗಿವಿ ಒಂದು ವರ್ಷದ ಹಿಂದೆ ಕೈಕೊಟ್ಟಿತು. ಜ್ವರ ಬಂತು, ಜ್ವರ ಹೋಯಿತು, ಹೋಗುವಾಗ ಆ ಕಿವಿಯ ಮುಕ್ಕಾಲು ಪಾಲು ಹೊತ್ತುಕೊಂಡೇ ಹೋಯಿತು. ನರ ಸೊರಗಿದೆ, ಇನ್ನು ಸರಿಹೋಗುವುದಿಲ್ಲ ಅಂದರು ಡಾಕ್ಟರು. ಭೋಜರಾಜ ಹೆಂಡತಿಯ ಮುಂದೆಯೂ ಬಾಯಿ ಬಿಡಲಿಲ್ಲ. ಕಿವುಡನೆಂದು ಗೊತ್ತಾದರೆ ಯಾರು ಕರೆಯುತ್ತಾರೆ? ಭಾನುವಾರವೂ ಹೋದರೆ ಉಳಿಯುವುದು ಆ ದೂಳು ತಾನೇ? ಮಾತು ಕಿವಿ ತಪ್ಪಿದರೂ ಸಂಗೀತ ತಪ್ಪುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಮನೆ ಸುತ್ತಿದ. ದಡ್ಡ ಅನ್ನಿ, ಹಟಮಾರಿ ಅನ್ನಿ. ಹೆದರಿದವನು ಇನ್ನೇನು ಮಾಡಿಯಾನು!

ಆ ಭಾನುವಾರ ಅಡ್ಯಾರ್‌ನಲ್ಲಿ ರತ್ನಾವತಿಯವರ ಮನೆ. ಆಕೆ ಬ್ಯಾಂಕ್ ಆಫೀಸರು. ಅವರಿಗೆ ಭೋಜರಾಜನ ನಂಬರು ಕೊಟ್ಟವನು ಅವನ ಹಳೆಯ ಸ್ನೇಹಿತ, ತ್ರಿಪ್ಲಿಕೇನಿನ ಕಿಟ್ಟಣ್ಣ. ಹಸಿರು ಪಿನ್ನು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಬಣ್ಣದ್ದು ನಡುವಿನ ಸ್ಪೀಕರಿಗೂ ವೂಫರಿಗೂ. ವೈರುಗಳನ್ನು ಗೋಡೆಯಂಚಿನಲ್ಲಿ ಕಾಣದ ಹಾಗೆ ಎಳೆದು ಮೊಳೆ ಹೊಡೆದ. ಪ್ರತಿ ಸ್ಪೀಕರಿನ ಬಾಯಿಗೂ ಬೆರಳಿಟ್ಟು ನಡುಕ ನೋಡಿದ. ಆಮೇಲೆ ತನ್ನ ಪದ್ಧತಿಯಂತೆ ಕೋಣೆಯ ನಡುವೆ ಕುರ್ಚಿ ಹಾಕಿ ಕೂತು, ಒಂದೊಂದೇ ಸ್ಪೀಕರಿನ ಸದ್ದು ಏರಿಸಿ, ಇಳಿಸಿ, ಕಣ್ಣು ಮುಚ್ಚಿ ಕೇಳಿ, ಎರಡೂ ಕಡೆ ಸಮವಾಯಿತು ಅನ್ನಿಸುವವರೆಗೆ ಹೊಂದಿಸಿದ.

“ಮುಗೀತು. ಕೇಳಿ ನೋಡಿ” ಎಂದು ಎದ್ದ.

ಬಂದು ಕೂತವಳು ರತ್ನಾವತಿಯವರ ಹತ್ತನೇ ಕ್ಲಾಸಿನ ಮಗಳು ಶ್ರೀಯಾ. ಹಾಡು ಶುರುವಾದದ್ದೇ ತಡ, ಎಡಗಿವಿ ಮುಚ್ಚಿಕೊಂಡಳು. “ಅಂಕಲ್, ಲೆಫ್ಟ್‌ಲ ರೊಂಬ ಸತ್ತಮಾ ಇರುಕ್ಕು. ರೈಟ್‌ಲ ಕೇಕ್ಕವೇ ಇಲ್ಲೆ.” ಎಡಗಡೆ ಬರೀ ಅಬ್ಬರ, ಬಲಗಡೆ ಏನೂ ಕೇಳಿಸುತ್ತಿಲ್ಲ ಎಂದು ಅವಳ ದೂರು.

“ಸುಮ್ನಿರೇ ಶ್ರೀಯಾ!” ರತ್ನಾವತಿ ಗದರಿದರು.

ಭೋಜರಾಜನಿಗೆ ಮೈಯೆಲ್ಲ ಉರಿದುಹೋಯಿತು. “ಏನಮ್ಮಾ, ನೀನು ಹುಟ್ಟೋಕ್ ಮುಂಚೆಯಿಂದ ಸ್ಪೀಕರ್ ಕಟ್ಟಿದೋನು ನಾನು. ನೆಟ್ಟಗೆ ಕೂತ್ಕೊಂಡು ಕೇಳು.”

ಹುಡುಗಿ ವಾದಕ್ಕೆ ನಿಲ್ಲಲಿಲ್ಲ. “ನೀಂಗಳೇ ಪಾರುಂಗ,” ನೀವೇ ನೋಡಿ ಎಂದು ಕಂಪ್ಯೂಟರ್ ಪರದೆಯ ಕಡೆ ಬೆರಳು ತೋರಿಸಿದಳು. ಸದ್ದಿನ ಮಟ್ಟ ತೋರಿಸುವ ಗೀಟುಗಳಲ್ಲಿ ಎಡಗಡೆಯ ಎರಡು ತುದಿ ಮುಟ್ಟಿದ್ದವು. ಬಲಗಡೆಯವು ಅರ್ಧಕ್ಕಿಂತ ಕೆಳಗೆ. ಹಾಗೆ ಇಟ್ಟವನು ಅವನೇ. ತನ್ನ ಕಿವಿಗೆ ಸಮವಾಗುವ ಹಾಗೆ ಇಟ್ಟಿದ್ದ. ಇದೊಂದೇ ಮನೆಯೇ? ಈ ಒಂದು ವರ್ಷದಲ್ಲಿ ಕಿಟ್ಟಣ್ಣನದೂ ಸೇರಿ ಹನ್ನೊಂದು ಮನೆ!

ಕಂಪ್ಯೂಟರಿನ ಸೌಂಡ್ ಕಾರ್ಡೇ ಸರಿಯಿಲ್ಲ, ಅಂಗಡಿಯವನು ಮೋಸ ಮಾಡಿದ್ದಾನೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು.

“ನನ್ನ ಎಡಗಿವಿ ಹೋಗಿದೆಯಮ್ಮಾ” ಎಂದ. “ನೀನು ಹೇಳ್ತಾ ಹೋಗು, ನಾನು ಇಳಿಸ್ತೀನಿ.”

ಅವಳು ಸಾಕು ಎಂದಲ್ಲಿ ನಿಲ್ಲಿಸಿದ. ಅವನ ಪಾಲಿಗೆ ಅರ್ಧ ಕೋಣೆ ಮೂಕವಾಗಿತ್ತು. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಜೊತೆಗೇ, ಅಂತೂ ಹೇಳಿಬಿಟ್ಟೆನಲ್ಲ ಎಂದು ಸ್ವಲ್ಪ ಧೈರ್ಯವೂ ಬಂತು. ಆ ಧೈರ್ಯ ಆರುವ ಮೊದಲೇ ಅಲ್ಲಿಂದಲೇ ಕಿಟ್ಟಣ್ಣನಿಗೆ ಫೋನ್ ಮಾಡಿದ.

“ನಿಮ್ಮನೇಲಿ ನಾನು ಕೂರಿಸಿದ್ದು ತಪ್ಪು ಕಣೋ. ನನಗೆ ಎಡಗಿವಿ ಕೇಳಿಸಲ್ಲ. ಬರೋ ಭಾನುವಾರ ಬಂದು ಸರಿಮಾಡ್ತೀನಿ.”

ಆ ಕಡೆಯಿಂದ ಕಿಟ್ಟಣ್ಣ, “ಅಯ್ಯೋ, ಅದಾ? ನೀನು ಹೋದ ಸಾಯಂಕಾಲವೇ ನಾವು ಸರಿಮಾಡ್ಕೊಂಡ್ವಲ್ಲೋ. ಎಲ್ರ ಮನೇಲೂ ಹಾಗೇ. ನಿನ್ನ ಮನಸ್ಸು ಯಾಕೆ ನೋಯಿಸೋದು ಅಂತ ಯಾರೂ ಏನೂ ಅನ್ನಲಿಲ್ಲ. ರತ್ನಾವತಿಯವ್ರಿಗೂ ಹೇಳಿದ್ದೆ, ಅವನು ಹೊರಟ ಮೇಲೆ ನೀವೇ ಸರಿಮಾಡ್ಕೊಳ್ಳಿ ಅಂತ. ಯಾಕೆ, ಆ ಹುಡುಗಿ ಏನಾದ್ರೂ ಅಂದ್ಬಿಟ್ಟಳಾ?” ಎಂದ.

ಭೋಜರಾಜ ತಿರುಗಿ ನೋಡಿದ. ರತ್ನಾವತಿ ತಲೆ ತಗ್ಗಿಸಿ, ಅವನ ಊಟಕ್ಕೆ ಹಾಕಿದ್ದ ಎಲೆಯನ್ನು ಒರೆಸುತ್ತಿದ್ದರು. ಫೋನಿನಲ್ಲಿ ಕಿಟ್ಟಣ್ಣ ಸಮಾಧಾನ ಹೇಳುತ್ತಲೇ ಇದ್ದ. ಭೋಜರಾಜ ರಿಸೀವರನ್ನು ಎಡಗಿವಿಗೆ ಬದಲಾಯಿಸಿಕೊಂಡು ಹಾಗೇ ಹಿಡಿದು ನಿಂತ.