ಸ್ಯಾಮ್ಯುಯೆಲ್ ಕರೆದ, ಧಾರವಾಡ ಸುಮ್ನ ಕುಂತಿತ್ತು

ಸ್ಟೇಜ್ ಮ್ಯಾಲ ಹಾಡಾಕತ್ತವ ನಡುವ ಹಾಡು ನಿಲ್ಲಿಸಿ, "ನಿಮಗ ನಮ್ಮ ಮ್ಯಾಲ ಸಿಟ್ಟು ಬಂದೈತೇನ್ರಿ?" ಅಂತ ಕೇಳಿದ್ರ ನೀವು ಏನು ಹೇಳ್ತಿದ್ರಿ?

ಹೋದ ರವಿವಾರ ನಮ್ಮ ಕಾಲೇಜಿನ ಸಭಾಭವನದಾಗ ಖರೇನ ಹಿಂಗಾತು. ಕೇಳಿದವ ಸ್ಯಾಮ್ಯುಯೆಲ್, ಕೆನ್ಯಾದಿಂದ ಓದಾಕ ಬಂದ ಹುಡುಗ. ತನ್ನ ಕಡೆಯ ಹುಡುಗ-ಹುಡುಗಿಯರನ್ನ ಕೂಡಿಸಿ ಹಾಡು, ಕುಣಿತ, ಡ್ರಮ್ಮಿನ ಒಂದು ತಂಡ ಕಟ್ಟ್ಯಾನ.

ತಂಡ ಕಟ್ಟೋದು ಸಲೀಸು. ಪ್ರಾಕ್ಟೀಸ್ ಎಲ್ಲಿ ಮಾಡೋದು? ಹಾಸ್ಟೆಲ್‌ನ್ಯಾಗ ಬಾರಿಸಿದ್ರ ವಾರ್ಡನ್‌ಗೆ ತಲಿನೋವು. ಮೈದಾನದಾಗ ಬಾರಿಸಿದ್ರ ಪರೀಕ್ಷಾ ಟೈಮು. (ಧಾರವಾಡದಾಗ ಪರೀಕ್ಷಾ ಟೈಮ್ ಅಲ್ಲದ ಟೈಮ್ ಯಾವುದು, ಯಾರರ ಹೇಳ್ರಿ.) ಕಡೀಕ ಮಾಳಮಡ್ಡಿಯ ನಮ್ಮ ಓಣಿಯ ಭಜನಿ ಮಂಡಳದ ಗಂಗಕ್ಕ, "ಮಧ್ಯಾಹ್ನ ನಮ್ಮ ಭಜನಿ ಮನಿ ಖಾಲೀನ ಇರ್ತೈತಿ, ಬಂದು ಬಾರಿಸ್ಕೊಳ್ರೆಪಾ" ಅಂದ್ರು.

ಓಣಿಯಾಗ ಗುಸುಗುಸು ಸುರು ಆತು. "ದೇವರ ಫೋಟೋ ಇರೋ ಜಾಗಾರಿ ಅದು" ಅಂದ್ರು ಒಬ್ರು. "ದೇವರಿಗೇನು ಕಿವಿ ನೋಯ್ತಾವೇನು? ನಮ್ಮ ದನಿ ಇಷ್ಟು ವರ್ಷ ತಡಕೊಂಡಿಲ್ಲೇನು?" ಅಂದ್ರು ಗಂಗಕ್ಕ.

ಭಜನಿ ಮನಿ ಕಮಿಟಿಯ ಅಧ್ಯಕ್ಷರಾದ ದೇಸಾಯಿ ಕಾಕಾ ಒಂದು ತೋಡ್, ಅಂದ್ರ ನಡುವಿನ ದಾರಿ, ತಗದ್ರು. "ಕಾಲೇಜಿನವರು ಸ್ಟೇಜ್ ಕೊಡ್ಲಿ, ಹುಡುಗುರು ಒಂದು ಪ್ರೋಗ್ರಾಮ್ ಮಾಡ್ಲಿ. ಓಣಿ ಮಂದಿ ಒಪ್ಪಿದ್ರ ಭಜನಿ ಮನಿ ಕೊಡೂಣು. ಇಲ್ಲಂದ್ರ ಇಲ್ಲ."

ಪ್ರಿನ್ಸಿಪಾಲ್ರು ಸ್ಟೇಜ್ ಕೊಟ್ರು. ಊಟದ ಜವಾಬ್ದಾರಿ ಓಣಿಯವರ ಪಾಲಿಗೆ ಬಂತು. ಭಜನಿ ಮನಿ ಕೈ ತಪ್ಪಿದ್ರ ತಂಡಾನೂ ಮುಗದಂಗ, ಅದು ಸ್ಯಾಮ್ಯುಯೆಲ್‌ಗೆ ಗೊತ್ತಿತ್ತು.

ರವಿವಾರ ಮಂದಿ ತುಂಬಿ ತುಳುಕ್ತಿತ್ತು. ಸ್ಯಾಮ್ಯುಯೆಲ್ ಮುಂದ ಬಂದು ಒಂದು ಸಾಲು ಹಾಡಿ, ನಮ್ಮ ಕಡೆ ಕೈ ಚಾಚಿದ. ನಾವು ಸುಮ್ನ. ಮತ್ತ ಹಾಡಿದ, ಮತ್ತ ಕೈ ಚಾಚಿದ. ನಾವು ಮತ್ತೂ ಸುಮ್ನ.

ಧಾರವಾಡದವರು ಹಾಡು ಕೇಳೋ ರೀತಿ ನಿಮಗ ಗೊತ್ತೈತಲ್ಲ? ಮಿಸುಕಂಗಿಲ್ಲ. ಕೆಮ್ಮು ಬಂದ್ರ ಹೊರಗ ಹೋಗಿ ಕೆಮ್ಮತೇವಿ. ಭಾಳ ಖುಷಿ ಆದ್ರ ಕಣ್ಣು ಮುಚ್ಚಿ ಗೋಣು ಅಲ್ಲಾಡಿಸ್ತೇವಿ. ನಾನಂತೂ ಮೊದಲನೇ ಸಾಲಿನ್ಯಾಗ ಕಣ್ಣು ಮುಚ್ಚಿ ಕುಂತಿದ್ದೆ. (ಮಲಗಿದ್ದಿಲ್ರಿ, ದೇವರಾಣಿ.)

ಅವನ ಊರಾಗ ಹಂಗಲ್ಲಂತ. ಒಬ್ಬ ಹಾಡಿ ಕರೀಬೇಕು, ಊರಿಗೆ ಊರ ಓಗೊಡಬೇಕು. ಮಂದಿ ಸುಮ್ನ ಕುಂತ್ರಂದ್ರ ಮುನಿಸ್ಕೊಂಡಾರ ಅಂತ ಅರ್ಥ. ಪಾಪ, ಹುಡುಗ ಹಾಡೋದು ನಿಲ್ಲಿಸಿದ. ಡ್ರಮ್ ನಿಂತ್ವು. ಆಗ ಕೇಳಿದ ನೋಡ್ರಿ, ಕಲ್ತಷ್ಟು ಕನ್ನಡದಾಗ, ಸಿಟ್ಟು ಬಂದೈತೇನ್ರಿ ಅಂತ.

ದೇಸಾಯಿ ಕಾಕಾ ವಾಚ್ ನೋಡ್ಕೊಂಡ್ರು.

ಹಿಂದಿನ ಸಾಲಿನಿಂದ ಗಂಗಕ್ಕ ಎದ್ದು ನಿಂತ್ರು. "ಸಿಟ್ಟಿಲ್ಲೋ ನನ್ನಪ್ಪಾ! ಇವರಿಗೆ ಬಾಯಿಲ್ಲ, ಅಷ್ಟ" ಅಂದ್ರು. ಆಮ್ಯಾಲ ತಮ್ಮ ಮಂಡಳದ ಹೆಣ್ಣಮಕ್ಕಳ ಕಡೆ ತಿರುಗಿದ್ರು. "ಏನು ಪಿಳಿಪಿಳಿ ನೋಡ್ತೀರೆ? ಸಂಜೀಕ ನಾವು ಮಾಡೋದರ ಏನು? ಮುಂದಿನವರು ಅಂದಿದ್ದು ಹಿಂದಿನವರು ಅನ್ನೋದಲ್ಲೇನು? ಅನ್ರಿ!"

ಸ್ಯಾಮ್ಯುಯೆಲ್ ಹಾಡಿದ. ಗಂಗಕ್ಕ ಅಂದ್ರು. ಶಬ್ದ ಅರ್ಧ ತಪ್ಪು, ತಾಳ ಪೂರಾ ಬರೋಬ್ಬರಿ! ಆಮ್ಯಾಲ ಮಂಡಳದವರೆಲ್ಲಾ ಚಪ್ಪಾಳಿ ತಟ್ಟಿ ಅನ್ನಾಕ ಹತ್ತಿದ್ರು. ಕಾಲೇಜ್ ಹುಡುಗುರು ಸೀಟಿ ಹೊಡೆದ್ರು. ವಾರ್ಡನ್ನೂ ದನಿ ಕೂಡಿಸಿದ್ರು. ನಾನೂ ಕಣ್ಣು ಬಿಟ್ಟೆ, ಬಾಯೀನೂ ಬಿಟ್ಟೆ. ಸ್ಯಾಮ್ಯುಯೆಲ್ ಅಳಾಕತ್ತಿದ್ದ, ನಗಾಕತ್ತಿದ್ದ, ಕುಣಿಯಾಕತ್ತಿದ್ದ, ಮೂರೂ ಕೂಡೇ. ಎಷ್ಟು ಖುಷಿ ಆತು ಅಂದ್ರ, ಹೇಳಾಕ ಆಗಂಗಿಲ್ರಿ.

ಊಟದ ಪಂಕ್ತಿಯಾಗ ದೇಸಾಯಿ ಕಾಕಾ ಗಂಟಲು ಸರಿ ಮಾಡ್ಕೊಂಡ್ರು. "ಭಜನಿ ಮನಿ ಕೊಟ್ಟೇವಿ. ಆದ್ರ ಒಂದು ಕಂಡೀಶನ್." ಸ್ಯಾಮ್ಯುಯೆಲ್‌ನ ಕೈಯಾಗಿನ ರೊಟ್ಟಿ ಅಲ್ಲೇ ನಿಂತಿತು.

"ಬಾಗಲಾ ಹಾಕ್ಕೊಂಡು ಬಾರಿಸಂಗಿಲ್ಲ. ನಾವೂ ಬರತೇವಿ."

ಮನಿಗೆ ಬರೂಮುಂದ ಮಾತ್ರ ತಲ್ಯಾಗ ಒಂದು ಹುಳ ಹೊಕ್ಕಿತ್ತು. ಈ ಹುಡುಗುರು ನಮ್ಮೂರಿಗೆ ಬಂದು ವರ್ಷಗಳಾದ್ವು. ಅಂಗಡ್ಯಾಗ, ಸಿಟಿ ಬಸ್ಸಿನ್ಯಾಗ, ಬಾಡಿಗಿ ಮನಿ ಕೇಳಾಕ ಬಂದು ಬಾಗಲದಾಗ ನಿಂತು, ನಮ್ಮನ್ನ ಮಾತಾಡಿಸ್ಕೋತ ಬಂದಾರ. ನಾವು ಕೇಳಿಸ್ಕೊಂಡೂ ಸುಮ್ನ ಹೊಂಟೇವಿ.

ಅಲ್ರೀ, ಕರೆದವರಿಗೆ 'ಓ' ಅನ್ನಾಕ ಅವರ ಭಾಷಾ ಬರಬೇಕಂತೇನು?